ಕಡಲಿಲ್ಲದ ನಾಡಿನ ಚಿಪ್ಪು

ಬಳ್ಳಾರಿಯ ಕೌಲ್ ಬಜಾರಿನಿಂದ ಪಡುಗಡಲಿನ ದಂಡೆಯನ್ನು ಸೇರಬೇಕಾದರೆ ಮೊದಲು ಎರೆಯ ಬಯಲನ್ನೂ, ಬಳಿಕ ತುಂಗಭದ್ರೆಯನ್ನೂ, ಧಾರವಾಡ ಸೀಮೆಯ ಹತ್ತಿಯ ಹೊಲಗಳನ್ನೂ ದಾಟಿ, ಕಡೆಗೆ ಸಹ್ಯಾದ್ರಿಯ ಕಾಡನ್ನು ಇಳಿಯಬೇಕು. ರೈಲು ಮೋಟಾರುಗಳಿಲ್ಲದ ಕಾಲದಲ್ಲಿ, ಹೇರೆತ್ತಿನ ಬೆನ್ನಿಗೆ ಭಾರ ಹೊರಿಸಿ ದಿನಕ್ಕೆ ಎರಡು ಮೂರು ಹರದಾರಿ ನಡೆಯುತ್ತಿದ್ದವರಿಗೆ ಅದು ಹೆಚ್ಚುಕಡಿಮೆ ತಿಂಗಳ ಪ್ರಯಾಣ. ಇಂಥ ಊರನ್ನು ನಡುವಿಟ್ಟುಕೊಂಡು ಕಡಲ ಚಿಪ್ಪಿನ ಚರಿತ್ರೆಯನ್ನು ಬರೆಯಹೊರಡುವುದು ಕೆಲವರಿಗೆ ವಿನೋದವಾಗಿ ಕಂಡೀತು. ಆದರೆ ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತಿನ ಹಣೆಪಟ್ಟಿಯಲ್ಲಿ, ಲಂಬಾಣಿ ಹೆಣ್ಣುಮಗಳ ಸಿಂಬಿಯ ಅಂಚಿನಲ್ಲಿ, ಎಲ್ಲಮ್ಮನ ಜೋಗತಿಯ ಕೊರಳಿನಲ್ಲಿ, ಮೈಲಾರದ ಗೊರವಯ್ಯನ ಎದೆಯ ಮೇಲೆ, ಕಡೆಗೆ ಗುಡಿಯ ಕಟ್ಟೆಯ ಮೇಲೆ ಗೆರೆ ಕೊರೆದು ಆಡುವ ಚೌಕಾಬಾರದ ಮನೆಗಳಲ್ಲಿಯೂ ಈ ಸೀಮೆಯ ಜನ ತಲೆತಲಾಂತರದಿಂದ ಹಿಡಿದುಕೊಂಡು ಬಂದಿರುವುದು ತಾವು ಕಾಣದ ಕಡಲಿನ ಒಂದು ತುಣುಕನ್ನು. ಅದು ಇಲ್ಲಿಗೆ ಹೇಗೆ ಬಂದಿತು, ಬಂದು ಏನಾಯಿತು ಎಂಬುದು ವಿಚಾರಿಸತಕ್ಕ ಸಂಗತಿಯೇ.

ಕರಾವಳಿಯವರಿಗೆ ಚಿಪ್ಪೆಂದರೆ ಮೊದಲು ಊಟ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಸಮುದ್ರವನ್ನು ಕೂಡುವ ಅಳಿವೆಗಳಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಕಡೆ, ಕೆಸರಿನೊಳಗೆ ಬಳಚು, ಬಂಡೆಗಳ ಮೈಗೆ ಕಚ್ಚಿಕೊಂಡು ಕಲ್ಗವೆಂಬ ಸಿಂಪಿ, ಹೀಗೆ ಬಗೆಬಗೆಯ ಚಿಪ್ಪುಜೀವಿಗಳು ಬೆಳೆಯುತ್ತವೆ. ಮಳೆಗಾಲದ ನೆರೆಯಲ್ಲಿ ನೀರಿನ ಉಪ್ಪು ತಗ್ಗಿ, ಅಳಿವೆ ಕೆಂಪಗೆ ಹರಿಯುವಾಗ ಅವುಗಳ ಗೊಡವೆಗೆ ಯಾರೂ ಹೋಗುವುದಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾಗಿ ಉಪ್ಪೇರತೊಡಗಿತೆಂದರೆ ಋತುವಿನ ಆರಂಭ, ವೈಶಾಖದ ಕೊನೆಗೆ ಮೋಡ ಕಾಣಿಸಿಕೊಂಡಿತೆಂದರೆ ಅದರ ಮುಕ್ತಾಯ. ಇಂಗ್ಲಿಷರು ತಮ್ಮ ದೇಶದಲ್ಲಿ ‘ಆರ್’ ಅಕ್ಷರವಿರುವ ತಿಂಗಳುಗಳಲ್ಲಿ ಮಾತ್ರ, ಎಂದರೆ ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ, ಸಿಂಪಿಯನ್ನು ತಿನ್ನಬೇಕೆಂಬ ನಿಯಮವನ್ನು ಪಾಲಿಸುತ್ತಿದ್ದರು. ಅವರ ಬೇಸಗೆಗೂ ನಮ್ಮ ಮಳೆಗಾಲಕ್ಕೂ ಸಂಬಂಧವಿಲ್ಲದಿದ್ದರೂ ಎರಡು ಪಂಚಾಂಗಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದು ವಿಚಿತ್ರ. ಬಳ್ಳಾರಿಯ ದಂಡಿನಲ್ಲಿ ನೆಲಸಿದ್ದ ಇಂಗ್ಲಿಷ್ ಅಧಿಕಾರಿಗೆ ಈ ನಿಯಮ ಬಾಯಿಪಾಠವಾಗಿದ್ದೀತು, ಅದನ್ನು ಪಾಲಿಸುವ ಸಂದರ್ಭ ಮಾತ್ರ ಒದಗಿರಲಾರದು.

ಇಳಿತದ ಹೊತ್ತು ನೋಡಿಕೊಂಡು ಹೆಂಗಸರು ಕತ್ತಿ ಬುಟ್ಟಿಗಳೊಡನೆ ಅಳಿವೆಗೆ ಇಳಿಯುತ್ತಾರೆ. ಬಳಚನ್ನು ಕಾಲಿನಿಂದ ತಡವಿ ಕೈಯಿಂದ ಬಾಚಬಹುದು. ಕಲ್ಗ ಅಷ್ಟು ಸುಲಭಕ್ಕೆ ಒಲಿಯುವುದಲ್ಲ. ಅದು ಒಂದು ಮಗ್ಗುಲಿನ ಚಿಪ್ಪನ್ನು ಬಂಡೆಗೆ ಗಾರೆ ಹಾಕಿದಂತೆ ಅಂಟಿಸಿಕೊಂಡು ಕುಳಿತಿರುತ್ತದೆ, ಅದರ ಅಂಚು ಅಂಗೈಯನ್ನು ಕೊಯ್ಯುವಷ್ಟು ಹರಿತ. ಮನೆಗೆ ತಂದು ಕೆಂಡದ ಮೇಲಿಟ್ಟಾಗ ಮೊದಲು ಅಂಚಿನಲ್ಲಿ ನೊರೆಯೇಳುತ್ತದೆ. ಬಳಿಕ ಒಳಗಿನ ಉಪ್ಪುನೀರು ಸುಂಯ್ ಎಂದು ಕುದಿಯುವುದು ಕೇಳಿಸುತ್ತದೆ. ಎರಡು ಚಿಪ್ಪುಗಳನ್ನು ಬಿಗಿದು ಹಿಡಿದಿದ್ದ ಸ್ನಾಯು ಸೋತು, ಮೇಲಿನ ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಆ ಕ್ಷಣಕ್ಕೆ ಕತ್ತಿಯ ಮೊನೆಯನ್ನು ತೂರಿಸಿ ತಿರುವಿದರೆ ಮಾಂಸ ತನ್ನ ರಸದೊಡನೆಯೇ ದೊರೆಯುತ್ತದೆ, ತಡಮಾಡಿದರೆ ರಬ್ಬರಿನಂತಾಗುತ್ತದೆ. ಹಾಗೆಯೇ ತಿನ್ನುವವರುಂಟು, ತೆಂಗಿನ ತುರಿಯೊಡನೆ ಒಣಮೆಣಸಿನ ಮಸಾಲೆ ಹಾಕಿ ಸುಕ್ಕ ಮಾಡುವವರುಂಟು. ಉಳಿದ ಚಿಪ್ಪಿಗೆ ಅಲ್ಲಿ ಆಭರಣದ ಗೌರವವಿಲ್ಲ. ಅದು ಹಿತ್ತಿಲಿನಲ್ಲಿ ಗುಡ್ಡೆಯಾಗಿ ಬಿದ್ದು, ಸುಣ್ಣದ ಗೂಡಿಗೆ ಹೋಗಿ, ಇದ್ದಿಲಿನೊಡನೆ ಪದರಪದರವಾಗಿ ಬೆಂದು, ನೀರು ಕುಡಿದು ಅರಳಿ, ಗೋಡೆಗೂ ವೀಳ್ಯದೆಲೆಗೂ ಹಚ್ಚುವ ಬೆಣ್ಣೆಯಂಥ ಸುಣ್ಣವಾಗುತ್ತದೆ. ಈ ಬದುಕೇನೂ ಅಲ್ಪವಾದುದಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಲೆಕ್ಕಹಾಕಿದಂತೆ ಅಘನಾಶಿನಿಯ ಅಳಿವೆಯೊಂದರಿಂದಲೇ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದಡ ಸೇರುತ್ತಿದ್ದುವು. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಬಳ್ಳಾರಿಗೆ ಈ ಊಟ ಎಂದೂ ಬರಲಿಲ್ಲ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಬರುವುದು ಸಾಧ್ಯವೂ ಇರಲಿಲ್ಲ. ಘಟ್ಟವನ್ನು ಹತ್ತಿ ಬಂದುದು ಕೆಡದೆ ಉಳಿಯುವ ಭಾಗ ಮಾತ್ರ. ಅದರಲ್ಲಿಯೂ ಕಲ್ಗದ ಒರಟು ಚಿಪ್ಪಲ್ಲ, ಅದರ ದೂರದ ನಂಟನಾದ ಕವಡೆ. ಪ್ರಾಣಿಶಾಸ್ತ್ರದವರು ಇವೆರಡನ್ನೂ ಮೃದ್ವಂಗಿಗಳೆಂಬ ಒಂದೇ ವಂಶಕ್ಕೆ ಸೇರಿಸುತ್ತಾರೆ, ಆದರೆ ಮನುಷ್ಯನು ಇವುಗಳನ್ನು ನಡೆಸಿಕೊಂಡ ರೀತಿ ಒಂದಕ್ಕೊಂದು ತದ್ವಿರುದ್ಧವಾದುದು. ಕಲ್ಗದ ಮಾಂಸವನ್ನು ತಿಂದು ಚಿಪ್ಪನ್ನು ಎಸೆದರು. ಕವಡೆಯ ಮಾಂಸವನ್ನು ಕೊಳೆಯಿಸಿ ಚಿಪ್ಪನ್ನು ಉಳಿಸಿಕೊಂಡರು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಮಾಲ್ದೀವಿನಲ್ಲಿ ಖಾಜಿಯಾಗಿದ್ದ, ನಮ್ಮ ಹೊನ್ನಾವರವನ್ನೂ ಕಂಡಿದ್ದ, ಪ್ರವಾಸಿ ಇಬ್ನ್ ಬತೂತನು ಈ ಕ್ರಮವನ್ನು ಬರೆದಿಟ್ಟಿದ್ದಾನೆ: ಕಡಲಿನಿಂದ ಆಯ್ದ ಹುಳುವನ್ನು ಗುಂಡಿಗೆ ಹಾಕಿ, ಮಾಂಸವೆಲ್ಲ ಕರಗಿಹೋಗಿ ಬಿಳಿಯ ಚಿಪ್ಪು ಮಾತ್ರ ಉಳಿಯುವವರೆಗೆ ಬಿಡುತ್ತಿದ್ದರು, ಹಾಗೆ ದೊರೆತ ಕವಡೆ ನಾಲ್ಕು ಲಕ್ಷಕ್ಕೆ ಒಂದು ಬಂಗಾರದ ದೀನಾರದಂತೆ ಮಾರಾಟವಾಗುತ್ತಿತ್ತು, ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಕೊಳ್ಳುತ್ತಿದ್ದರು. ದ್ವೀಪದಿಂದ ದೂರ ಹೋದಷ್ಟೂ ಅದರ ಬೆಲೆ ಏರುತ್ತಿತ್ತು. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯ ಪರಿಭಾಷೆಯಲ್ಲಿ ಇಪ್ಪತ್ತು ವರಾಟಕಗಳಿಗೆ, ಎಂದರೆ ಕವಡೆಗಳಿಗೆ, ಒಂದು ಕಾಕಿಣಿ; ನಾಲ್ಕು ಕಾಕಿಣಿಗೆ ಒಂದು ಪಣ; ಹದಿನಾರು ಪಣಕ್ಕೆ ಒಂದು ದ್ರಮ್ಮ; ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿ ನೋಡಿದರೆ ಒಂದು ನಿಷ್ಕಕ್ಕೆ 20,480 ಕವಡೆಗಳಾಗುತ್ತವೆ. ಗಣಿತದ ಮೊದಲ ಪಾಠದಲ್ಲಿಯೇ ಇಷ್ಟು ಸಣ್ಣ ಹಣಕ್ಕೆ ಸ್ಥಾನವಿತ್ತೆಂದರೆ ಅದು ಕೇವಲ ಬೈಗುಳದ ಕವಡೆಕಾಸಾಗಿರಲಿಲ್ಲವೆಂಬುದು ಸ್ಪಷ್ಟ.

ಚಿಪ್ಪು ಒಳನಾಡಿಗೆ ಬಂದುದು ರಾಜರ ಕಾಲದಲ್ಲಿ ಮೊದಲುಗೊಂಡ ವ್ಯಾಪಾರವೂ ಅಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ನವಶಿಲಾಯುಗದ ಜನರ ನೆಲೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಗುರುತಿಸಿದರು. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯ ಬೆಟ್ಟದಲ್ಲಿ ಅದೇ ಯುಗದವರು ಬಂಗಾರದ ಆಭರಣಗಳನ್ನೂ ತೊಡುತ್ತಿದ್ದರೆಂಬುದು 1960ರ ದಶಕದ ಉತ್ಖನನದಿಂದ ತಿಳಿಯಿತು. ತುಂಗಭದ್ರೆಯಾಚೆಯ ಮಸ್ಕಿಯಲ್ಲಿ ಚಿಪ್ಪಿನ ಮಣಿಗಳು ದೊರೆತಿವೆ. ಕೊಡಲಿಯನ್ನು ಮಾಡುವವನಿಗೂ ಕಡಲನ್ನು ಕಂಡವನಿಗೂ ನಡುವೆ ಕೈಯಿಂದ ಕೈಗೆ ವಸ್ತುಗಳು ಸಾಗುತ್ತಿದ್ದುವೆಂದ ಮೇಲೆ, ಹಂಪೆಯ ಪೇಟೆಯಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡು 1443ರಲ್ಲಿ ರಾಯಭಾರಿ ಅಬ್ದುರ್ ರಜಾಕನು ಬೆರಗಾದುದರಲ್ಲಿ ಆಶ್ಚರ್ಯವೇನು? ಆ ಮುತ್ತು ಮನ್ನಾರು ಕೊಲ್ಲಿಯ, ಪಾರಸಿಕ ಕೊಲ್ಲಿಯ ಮುತ್ತಿನಸಿಂಪಿಗಳಲ್ಲಿ ಹುಟ್ಟಿದುದು; ನಾವು ಸುಟ್ಟು ತಿನ್ನುವ ಕಲ್ಗದಲ್ಲಿ ಬೆಲೆಯುಳ್ಳ ಮುತ್ತು ಹುಟ್ಟುವುದಿಲ್ಲ. ಸ್ವಾತಿಯ ಮಳೆಹನಿ ಸಿಂಪಿಯ ಬಾಯಿಗೆ ಬಿದ್ದರೆ ಮುತ್ತಾಗುವುದೆಂಬ ಮಾತನ್ನು ಬಳ್ಳಾರಿಯ ರೈತನೂ ಆಡುತ್ತಾನೆ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಅವನಿಗೆ ಸ್ವಾತಿಯ ಹನಿ ಬಿಳಿಜೋಳದ ಹೊಲಕ್ಕೆ ಬಿದ್ದರೇ ಮುತ್ತು. ಕರಾವಳಿಯಲ್ಲಿ ಚಿಪ್ಪಿನ ಋತು ಮೊದಲಾಗುವುದೂ ಆ ನಕ್ಷತ್ರದ ಆಜುಬಾಜಿನಲ್ಲಿಯೇ.

ಮುತ್ತನ್ನು ತಂದವರು ದೊಡ್ಡ ವರ್ತಕರು. ಕವಡೆಯನ್ನು ಈ ಬಯಲಿನ ಮೂಲೆಮೂಲೆಗೆ ಮುಟ್ಟಿಸಿ, ತಮ್ಮ ಮೈಮೇಲೆಯೂ ಅದನ್ನು ಉಳಿಸಿಕೊಂಡು ಬಂದವರಲ್ಲಿ ಲಂಬಾಣಿಗಳಿಗೆ ಮೊದಲ ಸ್ಥಾನವನ್ನು ಕೊಡಬೇಕೆಂದು ನನ್ನ ಅಭಿಪ್ರಾಯ. ಸಾವಿರಾರು ಎತ್ತುಗಳ ಹಿಂಡನ್ನು ಹೊಡೆದುಕೊಂಡು, ದಂಡೆಯಿಂದ ಉಪ್ಪನ್ನು ಮೇಲಕ್ಕೂ ಬಯಲಿನಿಂದ ಕಾಳನ್ನು ಕೆಳಕ್ಕೂ ಸಾಗಿಸುತ್ತಿದ್ದ ಈ ಜನ ದಂಡುಗಳ ಪಾಲಿಗೂ ಅನ್ನದಾತರಾಗಿದ್ದರು. 1791-92ರಲ್ಲಿ ಟೀಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಸಾಯದೆ ಉಳಿದುದು ಬಹುಮಟ್ಟಿಗೆ ಇವರ ಎತ್ತುಗಳಿಂದ. ತಾಂಡಾದ ಮುಂದೆ ಹತಾಡಿಯಾ ಎಂಬ ದೇವರ ಎತ್ತು ನಡೆಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಬರಹಗಾರರು ವರ್ಣಿಸಿದ್ದಾರೆ. ಅದರ ಮೇಲೆ ಎಂದೂ ಭಾರ ಹೇರುವಂತಿರಲಿಲ್ಲ. ಕೆಂಪು ರೇಷ್ಮೆ, ಹಿತ್ತಾಳೆಯ ಗಂಟೆ, ಕವಡೆಯ ಸರಗಳೇ ಅದರ ಹೊರೆ. ಸಂಜೆ ಅದು ಎಲ್ಲಿ ನಿಂತಿತೋ ಅಲ್ಲಿಯೇ ಬಿಡಾರ. ವ್ಯಾಪಾರದ ಸರಕಾಗಿ ಹೊರಟ ವಸ್ತು ವ್ಯಾಪಾರಿಯ ದೈವದ ಕೊರಳಿಗೇರಿದುದು ಹೀಗೆ.

ಕೌಲ್ ಬಜಾರು ಹುಟ್ಟಿದ ಕಾಲವೂ ಈ ಎತ್ತುಗಳ ಕೊನೆಯ ವೈಭವದ ಕಾಲವೂ ಹೆಚ್ಚು ದೂರದವಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. ತಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದನು. ಬಳ್ಳಾರಿ ದಕ್ಷಿಣದ ದೊಡ್ಡ ದಂಡಿನ ಠಾಣ್ಯಗಳಲ್ಲೊಂದಾಯಿತು. ಸರಕಾರದ ಅಭಯಪತ್ರವಾದ ಕೌಲಿನ ನೆನಪನ್ನು ಹೆಸರಿನಲ್ಲಿ ಹೊತ್ತ ಈ ಪೇಟೆ, ಸಿಪಾಯಿ, ದರ್ಜಿ, ಕಸಾಯಿ, ಗಾಣಿಗ, ದಲ್ಲಾಳಿಗಳಿಂದ ತುಂಬಿದ, ಕನ್ನಡ ತೆಲುಗು ತಮಿಳು ದಖನಿಗಳೆಲ್ಲ ಒಂದೇ ಬೀದಿಯಲ್ಲಿ ಕೇಳಿಬರುವ ದಂಡಿನ ಪೇಟೆಯಾಗಿ ಬೆಳೆಯಿತು. ಆದರೆ ಇತ್ತ ದಂಡು ಬೆಳೆಯುತ್ತಿದ್ದಂತೆಯೇ ಅತ್ತ ಹೇರೆತ್ತಿನ ಬದುಕು ಕುಸಿಯತೊಡಗಿತು. ಮದರಾಸು ಆಧಿಪತ್ಯದಲ್ಲಿ 1805ರಿಂದ ಉಪ್ಪು ಸರಕಾರದ ಏಕಸ್ವಾಮ್ಯವಾಯಿತು. 1876-78ರ ಭೀಕರ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಜನರನ್ನೂ ದನಗಳನ್ನೂ ಒಟ್ಟಿಗೆ ಕೊಂದಿತು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ, ಗದಗ, ಹುಬ್ಬಳ್ಳಿಗಳ ಮಾರ್ಗವಾಗಿ ರೈಲುಹಾದಿ ಪಡುವಣಕ್ಕೆ ಹೊರಟಿತು. ಎತ್ತು ತಿಂಗಳುಗಟ್ಟಲೆ ನಡೆದು ತರುತ್ತಿದ್ದುದನ್ನು ಗಾಡಿ ದಿನಗಳಲ್ಲಿ ತರುವಂತಾಯಿತು. ಅಲೆಮಾರಿಗಳನ್ನೆಲ್ಲ ಸಂಶಯದ ಕಣ್ಣಿನಿಂದ ನೋಡುವ ಕಾಯಿದೆಯ ನೆರಳು ಬೇರೆ. ತಾಂಡಾಗಳು ಗುಡ್ಡದ ಬದಿಗಳಲ್ಲಿ ನೆಲೆನಿಂತುವು. ಎತ್ತು ಮಾರಿಹೋಯಿತು, ಅದರ ಮೈಮೇಲಿದ್ದ ಕವಡೆ ಹೆಂಗಸರ ಕಸೂತಿಯಲ್ಲಿ ಉಳಿಯಿತು.

ಆ ಕಸೂತಿಯನ್ನು ಹತ್ತಿರದಿಂದ ನೋಡಬೇಕು. ಸಂಡೂರಿನ ಸುತ್ತಣ ತಾಂಡಾಗಳಲ್ಲಿ ಮುದುಕಿಯೊಬ್ಬಳು ಕವಡೆ ಹೊಲಿಯುವಾಗ ಮೊದಲು ಅದರ ಬೆನ್ನಿನ ಗೂನನ್ನು ಕಲ್ಲಿನ ಮೇಲೆ ನೀರು ಹನಿಸಿ ಉಜ್ಜುತ್ತಾಳೆ. ಹೊಳಪಿನ ಗುಬುಟು ಸವೆದು ಬೆನ್ನು ತೂತಾಗುತ್ತದೆ. ಈಗ ಕವಡೆ ಬಟ್ಟೆಯ ಮೇಲೆ ಅಲುಗದೆ ಕುಳಿತುಕೊಳ್ಳಬಲ್ಲುದು. ಹಲ್ಲುಳ್ಳ ಬಾಯಿಯನ್ನು ಮೇಲಕ್ಕೆ ಮಾಡಿ, ಬೆನ್ನಿನ ತೂತಿನಿಂದ ಸೂಜಿಯನ್ನು ಹಾಯಿಸಿ, ಬಾಯಿಯ ಸೀಳಿನಿಂದ ಹೊರತೆಗೆದು, ಎರಡೆಳೆಯ ದಾರದಿಂದ ಬಿಗಿದು ಹೊಲಿಯುತ್ತಾಳೆ. ಒಂದರ ಪಕ್ಕಕ್ಕೆ ಒಂದು ಎಷ್ಟು ಒತ್ತಾಗಿ ಬರುತ್ತದೆಂದರೆ ನಡುವೆ ಬಟ್ಟೆ ಕಾಣುವುದಿಲ್ಲ. ತುದಿಗೆ ಉಣ್ಣೆಯ ಗೊಂಡೆ, ನಡುವೆ ಕನ್ನಡಿಯ ಬಿಲ್ಲೆ. ಕಿಲಣ್, ವೇಲೆ, ಮಾಕಿ, ರೇಲೋ ಎಂದು ಹದಿನಾಲ್ಕು ಬಗೆಯ ಹೊಲಿಗೆಗಳಿಗೆ ಅವರಲ್ಲಿ ಹೆಸರುಗಳಿವೆ. ಕೊಡದ ಕೆಳಗಿನ ಸಿಂಬಿ, ಅದರ ಹಿಂದೆ ಬೆನ್ನಿಗೆ ಇಳಿಬೀಳುವ ಬಟ್ಟೆ, ಮದುವಣಗಿತ್ತಿಗೆ ಕೊಡುವ ಚೀಲ ಇವುಗಳಲ್ಲಿ ಕವಡೆಯ ಸಾಲು ತಪ್ಪುವುದಿಲ್ಲ. ನೀರು ತರಲು ಹೊರಟವಳ ತಲೆಯ ಮೇಲೆ ಇಷ್ಟು ಶೃಂಗಾರವೇಕೆಂದು ಬಯಲಿನ ಒಕ್ಕಲಗಿತ್ತಿ ಕೇಳಿಯಾಳು. ಆದರೆ ತನ್ನ ಸಂಪತ್ತನ್ನೆಲ್ಲ ಹೊತ್ತುಕೊಂಡೇ ನಡೆಯಬೇಕಾದ ಜನಕ್ಕೆ ಮೈಯೇ ಪೆಟ್ಟಿಗೆ, ಬಟ್ಟೆಯೇ ಗೋಡೆ.

ಊರವರ ಕವಡೆಗೆ ಬೇರೆ ಕೆಲಸಗಳಿದ್ದುವು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಗೊರವರು ಕರಿಯ ಕಂಬಳಿಯ ಮೇಲೆ ಕವಡೆಯ ಸರವನ್ನು ಹಾಕಿಕೊಂಡು, ಡಮರುಗ ಹಿಡಿದು, ಭಂಡಾರದ ಹಳದಿಯಲ್ಲಿ ಮೀಯುತ್ತಾರೆ. ಬಿಲ್ಲನ್ನೇರಿದ ಗೊರವಯ್ಯನು ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿಯನ್ನು ಕೇಳಲು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಎಲ್ಲಮ್ಮನ, ಹುಲಿಗೆಮ್ಮನ ಜೋಗತಿಯರಿಗೂ ಕವಡೆಯ ಸರ ದೀಕ್ಷೆಯ ಗುರುತು. ಕುರುಗೋಡಿನ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ದೀಕ್ಷೆ ಪಡೆದು, ಭಿಕ್ಷೆ ಬೇಡಿ ಜೋಗತಿ ನೃತ್ಯವನ್ನು ಕಲಿತ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಿದಾಗ, ಬೀದಿಯಲ್ಲಿ ಜನ ಮುಖ ತಿರುವುತ್ತಿದ್ದ ಒಂದು ವೇಷ ರಾಷ್ಟ್ರಪತಿ ಭವನದ ದರ್ಬಾರು ಮಂದಿರವನ್ನು ಕಂಡಂತಾಯಿತು. ಇನ್ನು ಎತ್ತಿನ ಹಣೆಯ ಕವಡೆ ದೃಷ್ಟಿ ತಾಗದಿರಲೆಂದು. ಚೌಕಾಬಾರದ ಕವಡೆ ಬರಿಯ ಆಟಕ್ಕೆ. ನಾಲ್ಕು ಕವಡೆ ಎಸೆದಾಗ ಎಲ್ಲವೂ ಬಾಯಿ ಮೇಲಾದರೆ ಚೌಕ, ಎಲ್ಲವೂ ಬೋರಲಾದರೆ ಬಾರ, ಎಂದರೆ ಎಂಟು. ಕವಡೆಗೆ ಗತಿಯಿಲ್ಲದ ಮನೆಯಲ್ಲಿ ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ತೇಯ್ದು ಅದೇ ಆಟವನ್ನು ಆಡುತ್ತಿದ್ದರು. ಅದರಿಂದ ಆಟದ ಜಗಳವೇನೂ ಕಡಮೆಯಾಗುತ್ತಿರಲಿಲ್ಲ.

ಚಿಪ್ಪು ಕೌಲ್ ಬಜಾರನ್ನು ಇನ್ನೊಂದು ವೇಷದಲ್ಲಿಯೂ ಹೊಕ್ಕಿತು. ಇದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಪ್ಲಾಸ್ಟಿಕ್ಕು ಬರುವುದಕ್ಕೆ ಮೊದಲು ಅಂಗಿಯ ಬಿಳಿಯ ಗುಂಡಿ ಎಂದರೆ ಬಹುಮಟ್ಟಿಗೆ ಚಿಪ್ಪಿನ ಗುಂಡಿ. 1891ರಲ್ಲಿ ಬೋಪ್ಲ್ ಎಂಬ ಜರ್ಮನ್ ಕುಶಲಿ ಅಮೆರಿಕದ ಮಿಸಿಸಿಪ್ಪಿ ನದಿಯ ದಡದ ಮಸ್ಕಟೀನಿನಲ್ಲಿ ಹೊಳೆಯ ಚಿಪ್ಪಿನಿಂದ ಗುಂಡಿ ಕೊರೆಯಲು ಆರಂಭಿಸಿದ ಮೇಲೆ ಆ ಊರು ಲೋಕಕ್ಕೆಲ್ಲ ಗುಂಡಿ ಹಂಚುವ ಊರಾಯಿತು. ನಮ್ಮ ದೇಶದಲ್ಲಿ ಬಿಹಾರದ ಚಂಪಾರಣ್ಯದ ಮೆಹ್ಸಿಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಹೊಳೆಚಿಪ್ಪಿನ ಗುಂಡಿಯ ಉದ್ಯಮ ನೆಲೆಗೊಂಡಿತು. ತುಂಗಭದ್ರೆಯ ಮರಳಿನಲ್ಲಿಯೂ ಅಂಥ ಚಿಪ್ಪುಗಳಿವೆ, ಸಿರುಗುಪ್ಪದ ಕಡೆಯ ಹುಡುಗರು ಅವುಗಳನ್ನು ಆಯ್ದು ಆಡುವುದೂ ಉಂಟು. ಆದರೆ ಅವುಗಳಿಂದ ಗುಂಡಿ ಕೊರೆಯುವ ಯೋಚನೆ ಇಲ್ಲಿ ಒಂದು ಕಸುಬಾಗಲಿಲ್ಲ. ಬಳ್ಳಾರಿಯ ಹೊಲಿಗೆಯ ಕಸುಬಿಗೆ ಮೊದಲನೆಯ ಮಹಾಯುದ್ಧದ ಕಾಲದ ಸಿಪಾಯಿಗಳ ಸಮವಸ್ತ್ರವೇ ಮೂಲವೆಂದು ಹೇಳುವವರುಂಟು. ಈಗ ಅದೇ ಊರು ಜೀನ್ಸಿಗೆ ಹೆಸರಾಗಿದೆ. ಕೌಲ್ ಬಜಾರಿನ ಓಣಿಗಳಲ್ಲಿ ನೀಲಿ ಬಟ್ಟೆಯ ಕಟ್ಟುಗಳನ್ನು ಹೊತ್ತ ಬೈಕುಗಳಿಗೆ ದಾರಿ ಬಿಡುತ್ತ ನಡೆಯಬೇಕು. ಜೀನ್ಸಿನ ಗುಂಡಿ ಲೋಹದ್ದು, ಸುತ್ತಿಗೆಯಿಂದ ಬಡಿದು ಕೂರಿಸುವಂಥದು. ಚಿಪ್ಪಿಗೆ ಅಲ್ಲಿ ಕೆಲಸವಿಲ್ಲ.

ಕೆಲಸ ಉಳಿದಿರುವುದು ಸಂಡೂರಿನಲ್ಲಿ. ಅಲ್ಲಿಯ ಕುಶಲ ಕಲಾ ಕೇಂದ್ರ 1980ರ ದಶಕದಿಂದ ತಾಂಡಾದ ಹೆಂಗಸರ ಕಸೂತಿಯನ್ನು ಹೊರಗಿನ ಪೇಟೆಗೆ ಮುಟ್ಟಿಸುತ್ತ ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪೆಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ಸೇರಿದಾಗ ಈ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ದಾಖಲೆಗಳ ಮೋಹ ನನಗೆ ಅಷ್ಟಾಗಿಲ್ಲ; ಹೊಲಿದವರ ಕೈಗೆ ಕೂಲಿ ಎಷ್ಟು ಸೇರಿತೆಂಬುದೇ ಇಂಥ ಕಡೆ ಕೇಳಬೇಕಾದ ಪ್ರಶ್ನೆ. ಈ ನಡುವೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಕವಡೆ ಪೇಟೆಗೆ ಬಂದಿದೆ. ಅದು ಅಗ್ಗ, ಹಗುರ, ಬೆನ್ನನ್ನು ಉಜ್ಜುವ ಶ್ರಮವೂ ಇಲ್ಲ. ಗುರುತು ಹಿಡಿಯುವುದೇನೂ ಕಷ್ಟವಲ್ಲ: ಅಚ್ಚಿನ ಎರಡು ಹೋಳು ಕೂಡಿದ ಗೆರೆ ಅದರ ಅಂಚಿನಲ್ಲಿ ಉಗುರಿಗೆ ತಗಲುತ್ತದೆ, ಹಲ್ಲುಗಳೆಲ್ಲ ಒಂದೇ ಅಳತೆಯವಾಗಿರುತ್ತವೆ, ಅಂಗೈಯಲ್ಲಿಟ್ಟರೆ ತಣ್ಣಗಿರುವುದಿಲ್ಲ. ಕೊಳ್ಳುವವರು ಚೀಲವನ್ನು ತಿರುವಿ ಇಷ್ಟನ್ನು ನೋಡಿಕೊಂಡರೆ ಸಾಕು.